ಅಟ್ಟದ ಮೇಲಿನ ಇಟಲಿ ಬಾಟಲಿ

ಎಂಬತ್ತರ ದಶಕದಲ್ಲಿ ನಮ್ಮ ತೋಟಗಾರಿಕೆ ಇಲಾಖೆಗೆ ಇಟಲಿಯ ವೈನ್ ತೋಟದ ಯಜಮಾನರೊಬ್ಬರು ಬಂದಿದ್ದರು. ಅವರನ್ನು ಜೀಪಿನಲ್ಲಿ ನೊಣವಿನಕೆರೆಗೆ ಕರೆದೊಯ್ದು ತೆಂಗಿನ ತೋಟ ತೋರಿಸುವ ಕೆಲಸ ನನ್ನ ತಲೆಗೆ ಬಿತ್ತು. ತೋಟದ ರಂಗೇಗೌಡರು ನಮ್ಮನ್ನು ಮೊದಲು ಮನೆಯ ಅಟ್ಟಕ್ಕೆ ಹತ್ತಿಸಿದರು. ಕತ್ತಲಲ್ಲಿ ರಾಶಿ ರಾಶಿ ತೆಂಗಿನಕಾಯಿ.

"ವರ್ಷ ಮುಟ್ಟಂಗಿಲ್ಲ ಕಣ್ರೀ. ನೀರು ಬತ್ತಿ ಒಳಗೆ ಗೊಟಗೊಟ ಅಂದ್ರೆ ಕೊಬ್ಬರಿ ಆಯ್ತು ಅಂತ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಲೇ ಅತಿಥಿಯ ಕಣ್ಣು ತುಂಬಿ ಬಂತು. ಅವರ ಮನೆತನದವರೂ ನಾನೂರು ವರ್ಷದಿಂದ ದ್ರಾಕ್ಷಿಯನ್ನು ಅಟ್ಟದಲ್ಲೇ ಬಾಡಿಸಿ, ಹಿಂಡಿ, ಪೀಪಾಯಿಗೆ ತುಂಬಿ, ವರ್ಷಗಟ್ಟಲೆ ಅಲ್ಲೇ ಬಿಡುತ್ತಾರಂತೆ. ಚೀಲದಿಂದ ಒಂದು ಬಾಟಲಿ ತೆಗೆದು, "ಕತ್ತಲಲ್ಲಿ ಮಲಗಿಸಿಡಿ, ಹದಕ್ಕೆ ಬರುವವರೆಗೆ ತೆರೆಯಬೇಡಿ" ಎಂದು ಗೌಡರ ಕೈಗಿತ್ತರು. ಗೌಡರಿಗೆ ಅದು ಹೆಂಡ ಎನ್ನಲು ಸಂಕೋಚವಾಗಿ ನಾನು "ದ್ರಾಕ್ಷಿ ರಸ" ಎಂದುಬಿಟ್ಟೆ. ಗೌಡರು ಅದನ್ನು ಕಾಯಿಗಳ ನಡುವೆಯೇ ಮಲಗಿಸಿದರು.

ಒಂದು ಗುಟುಕಿನ ಆಸೆಗೆ ವರ್ಷ ಕಳೆದ ಮೇಲೆ ಮತ್ತೆ ಹೋದೆ. ಗೌಡರು ಬಾಟಲಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಎಲ್ರೀ, ನೀರೇ ಬತ್ತಿಲ್ಲ. ಇನ್ನೂ ಹಸಿ."

"ಇದು ಬತ್ತೋದಲ್ಲ ಗೌಡ್ರೇ!"

"ಆತುರ ಬ್ಯಾಡ ಬುಡಿ, ಹಸೀದು ಒಡೆದ್ರೆ ಕೆಟ್ಟೋಯ್ತದೆ."

ತಡೆಯಲಾರದೆ ಇಟಲಿಗೆ ಪತ್ರ ಬರೆದೆ. ಗೌಡರು ಇನ್ನೂ ಹಸಿ ಅನ್ನುತ್ತಿದ್ದಾರೆ, ನೀವಾದರೂ ಹೇಳಿ ಎಂದೆ. ಉತ್ತರ ಬಂತು: "ಅವರು ಹೇಳಿದ್ದೇ ಸರಿ. ಇನ್ನೂ ಹತ್ತು ವರ್ಷ ಬಿಡಲಿ."

ಗೌಡರಿಗೆ ಓದಿ ಹೇಳಿದೆ. "ನೋಡಿದ್ರಾ, ಅಟ್ಟ ಇರೋರಿಗೆ ಗೊತ್ತಾಗೋದು ಇದು" ಎಂದರು.

ನಾನಿದ್ದದ್ದು ತಿಪಟೂರಿನಲ್ಲಿ, ತಾರಸಿ ಮನೆ, ಅದೂ ಬಾಡಿಗೆಗೆ.