ಅತ್ತಿಗೆ ಮತ್ತು ಹೋಟೆಲಿನ ದೆವ್ವಗಳು

ನಮ್ಮ ಅತ್ತಿಗೆಗೆ ದೆವ್ವದ ಸಿನಿಮಾ ಎಂದರೆ ಪ್ರಾಣ. ಹಾಗಂತ ಎಲ್ಲ ದೆವ್ವಗಳೂ ಆಗುವುದಿಲ್ಲ. ಸ್ಮಶಾನದ ದೆವ್ವಗಳನ್ನು ಅವರು ಮೂಸಿಯೂ ನೋಡುವುದಿಲ್ಲ. ಹಳೆಯ ಹೋಟೆಲ್ ಇರಬೇಕು, ಉದ್ದನೆಯ ಕಾರಿಡಾರಿನಲ್ಲಿ ಒಂದೇ ಥರದ ಬಾಗಿಲುಗಳಿರಬೇಕು, ಮೊದಲ ಒಂದು ಗಂಟೆ ಏನೂ ಆಗಬಾರದು. ನನಗೋ ತಾಳ್ಮೆ ಎಂಬುದು ಹುಟ್ಟಿನಿಂದಲೇ ಇಲ್ಲ. ದೀಪ ಒಮ್ಮೆ ಮಿಣುಕಿತೆಂದು ಅವರು ದಿಂಬು ತಬ್ಬಿಕೊಂಡು ಕೂತರೆ ನಾನು ಆಕಳಿಸುತ್ತೇನೆ.

"ಅತ್ತಿಗೆ, ಈ ದೆವ್ವ ಬರೋಷ್ಟರಲ್ಲಿ ನಾನೇ ಮುದುಕಿಯಾಗಿ ಸತ್ತು ದೆವ್ವ ಆಗಿರ್ತೀನಿ."

"ಸುಮ್ನಿರೇ, ಅವಸರದಮ್ಮ. ಬಂದ್ಮೇಲೆ ಏನಿದೆ, ಬರೀ ಕಿರುಚಾಟ. ಬರೋಕ್ ಮುಂಚೇನೇ ಮಜಾ ಇರೋದು."

ತಮಾಷೆಯೆಂದರೆ, ಅತ್ತಿಗೆ ಕೆಲಸ ಮಾಡುವುದೂ ಹೋಟೆಲಿನಲ್ಲೇ. ಊಟದ ಹೋಟೆಲಲ್ಲ, ಕೋಣೆಗಳಿರುವುದು. ಮೂರನೆಯ ಮಹಡಿ ಅವರದು. ಚಾದರ ಬದಲಿಸುವುದು, ಬಚ್ಚಲು ತೊಳೆಯುವುದು, ಯಾರೋ ಬಿಟ್ಟುಹೋದ ಒಂಟಿ ಕಾಲುಚೀಲವನ್ನು ಎತ್ತಿಡುವುದು. ದಿನವಿಡೀ ಕಾರಿಡಾರಿನಲ್ಲಿ ಗಾಡಿ ತಳ್ಳಿ ಬಂದವರು ಸಂಜೆ ಟೀವಿಯಲ್ಲಿ ಮತ್ತೆ ಕಾರಿಡಾರನ್ನೇ ನೋಡುತ್ತಾರೆಂದರೆ ಏನು ಹೇಳೋಣ!

"ನಾವು ದಿನಾ ಗುಡಿಸೋ ಜಾಗಾನ ಯಾರಾದ್ರೂ ಇಷ್ಟು ನಿಧಾನವಾಗಿ ನೋಡ್ತಾರಾ, ಹೇಳು? ಆ ಸಿನಿಮಾದವ್ರೊಬ್ರೇ" ಎನ್ನುತ್ತಾರೆ.

ಅವರಿಗೆ ಸಿಟ್ಟು ಬರುವುದು ಒಂದೇ ಕಡೆ. ನಾಯಕಿ ಮುಚ್ಚಿದ ಕೋಣೆಯ ಬಾಗಿಲ ಹಿಡಿಗೆ ಕೈ ಹಾಕುತ್ತಾಳಲ್ಲ, ಆಗ. "ಒಬ್ಳೇ ಯಾಕೆ ಹೋಗ್ತಾಳೆ ಅಂತೀನಿ! ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗೋಕೇನು ಧಾಡಿ?" ಪ್ರತಿ ಸಿನಿಮಾಕ್ಕೂ ಇದೇ ಬೈಗುಳ.

ಹೀಗೆ ಬೈಯುವಾಗ ನಮ್ಮ ಬೆನ್ನ ಹಿಂದೆಯೇ ಒಂದು ಮುಚ್ಚಿದ ಬಾಗಿಲಿತ್ತು. ಅದು ಅಣ್ಣನ ಕೋಣೆ. ಅಣ್ಣ ಅದೇ ಹೋಟೆಲಿನ ಕೌಂಟರಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ಅವನು ಹಗಲು ಮಲಗಿದಾಗ ಯಾರೂ ಎಬ್ಬಿಸದಿರಲೆಂದು ಅತ್ತಿಗೆ ಹೋಟೆಲಿನಿಂದ 'ತೊಂದರೆ ಕೊಡಬೇಡಿ' ಎಂಬ ರಟ್ಟಿನ ಬೋರ್ಡು ತಂದು ಬಾಗಿಲ ಹಿಡಿಗೆ ತೂಗುಹಾಕುತ್ತಿದ್ದರು. ಹೋದ ವರ್ಷ ಅಣ್ಣ ಕೆಲಸದಲ್ಲಿದ್ದಾಗಲೇ ಎದೆನೋವು ಬಂದು ತೀರಿಕೊಂಡ. ಅತ್ತಿಗೆ ಆಸ್ಪತ್ರೆಯಿಂದ ಬಂದವರೇ ಆ ಬಾಗಿಲನ್ನು ಎಳೆದು, ಬೋರ್ಡು ತೂಗುಹಾಕಿಬಿಟ್ಟರು. ಅಂದಿನಿಂದ ಅವರು ಮಲಗುವುದು ನಡುಮನೆಯಲ್ಲೇ. ದಿನಕ್ಕೆ ಅಷ್ಟು ಬಾಗಿಲು ತೆಗೆಯುವ ಕೈಗೆ ಇದೊಂದು ಆಗಲಿಲ್ಲ.

ಆಮೇಲೆ ನನಗೆ ಈ ಊರಿಗೆ ವರ್ಗವಾಯಿತು, ಅವರ ಜೊತೆಗೇ ಇರಲು ಬಂದೆ. ನಾನೂ ನಡುಮನೆಯ ನೆಲದ ಮೇಲೆ ಮಲಗಿ ಮಲಗಿ ನಡು ಬಿದ್ದುಹೋಯಿತು. ಬಾಗಿಲಿನ ಮಾತೆತ್ತಿದರೆ ಅತ್ತಿಗೆಯದು ಒಂದೇ ಉತ್ತರ: "ಬೋರ್ಡು ಇದ್ರೆ ನಾವು ತಟ್ಟಲ್ಲ." ಒಂದು ಭಾನುವಾರ ಮಧ್ಯಾಹ್ನ ನನ್ನ ತಲೆ ಕೆಟ್ಟಿತು.

"ಹೀಗೇ ಆದ್ರೆ ನಾನು ಬೇರೆ ಮನೆ ನೋಡ್ಕೋತೀನಿ, ಅತ್ತಿಗೆ. ಹೋಟೆಲಲ್ಲಿ ಯಾರಾದ್ರೂ ಬೋರ್ಡು ತೆಗೀದೇ ಇದ್ರೆ ಏನ್ ಮಾಡ್ತೀರಿ? ಹಾಗೇ ಬಿಟ್ಬಿಡ್ತೀರಾ?"

"ಅದ್ಹೇಗೆ ಬಿಡೋಕಾಗತ್ತೆ? ಒಳಗಿರೋರಿಗೆ ಏನಾಯ್ತೋ ಏನೋ. ಮಾರನೇ ದಿನ ತೆಗೆದು ನೋಡ್ಲೇಬೇಕು. ಆದ್ರೆ ಒಬ್ರೇ ಹೋಗೋ ಹಾಗಿಲ್ಲ. ಇಬ್ರು ಇರ್ಬೇಕು, ಅದು ನಿಯಮ..."

ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡರು. ಮತ್ತೊಮ್ಮೆ ಒರೆಸಿಕೊಂಡರು.

"ಬರ್ತೀಯೇನೇ?"

ಇಷ್ಟು ದಿನ ಹಾರಾಡಿದ ನಾನು ಈಗ ಹಿಂಜರಿದೆ. ಆ ಕೋಣೆಯಲ್ಲಿ ದೆವ್ವವಿಲ್ಲವೆಂದು ಗೊತ್ತಿತ್ತು. ಅಣ್ಣನೂ ಇರುವುದಿಲ್ಲ ಎಂಬುದಕ್ಕೇ ಹೆದರಿದೆ. ಆದರೂ ಎದ್ದು ಅವರ ಪಕ್ಕ ನಿಂತೆ. ಅತ್ತಿಗೆ ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿ ಕಾದರು. ಮತ್ತೆ ತಟ್ಟಿದರು. "ರೂಮ್ ಕ್ಲೀನಿಂಗ್" ಎಂದರು, ಕೆಲಸದಲ್ಲಿ ಹೇಳುವ ಅದೇ ದನಿಯಲ್ಲಿ. ಆಮೇಲೆ ಹಿಡಿ ತಿರುಗಿಸಿದರು.

ಮುಗ್ಗಲು ವಾಸನೆ, ಧೂಳು. ಹಾಸಿಗೆ ಅಣ್ಣ ಎದ್ದುಹೋದಂತೆಯೇ ಇತ್ತು, ದಿಂಬಿನ ನಡುವೆ ಅವನ ತಲೆಯ ತಗ್ಗು. ಅತ್ತಿಗೆ ಅದರ ಮೇಲೆ ಕೈಯಿಟ್ಟು ಅಳಲು ಶುರುಮಾಡಿದರು, ನಾನೂ ಅತ್ತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಅವಸರ ಮಾಡಬೇಕೆನಿಸಲಿಲ್ಲ. ಕೊನೆಗೆ ಅವರೇ ಮೂಗು ಒರೆಸಿಕೊಂಡು, "ಆ ತುದಿ ಹಿಡ್ಕೋ" ಎಂದರು. ಇಬ್ಬರೂ ಚಾದರ ಎಳೆದು ಮಡಿಸಿ, ಕಿಟಕಿ ತೆರೆದೆವು. ಬೋರ್ಡನ್ನು ಅತ್ತಿಗೆ ಎಸೆಯಲಿಲ್ಲ, ಕಪಾಟಿನಲ್ಲಿ ಅಣ್ಣನ ಅಂಗಿಗಳ ಮೇಲೆ ಇಟ್ಟರು.

ಸಂಜೆ ಆ ಮಂಚದ ಮೇಲೇ ಕೂತು, ತೆರೆದ ಬಾಗಿಲಿನಿಂದ ನಡುಮನೆಯ ಟೀವಿ ನೋಡಿದೆವು. ಅದೇ ಹಳೆಯ ಹೋಟೆಲ್, ಅದೇ ಆಮೆ ನಡಿಗೆ. ನಾಯಕಿ ಒಬ್ಬಳೇ ಹೋಗಿ ಬಾಗಿಲ ಹಿಡಿಗೆ ಕೈ ಹಾಕಿದಳು. ಈಗ ಬೈಗುಳ ಬಂತು ಎಂದು ನಾನು ಕಾದೆ.

"ಪಾಪ," ಎಂದರು ಅತ್ತಿಗೆ, "ಅವಳಿಗೆ ನಾದಿನಿ ಇಲ್ಲ ಕಣೇ."