ತಲೆಯ ಮೇಲೆ ಹಾಲು ಹೊತ್ತು ಹೊಳೆ ದಾಟಿದವರು

ಮೊನ್ನೆ ಸುರಪುರದಿಂದ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಣ್ಣುಮಗಳ ಉಡಿಯಲ್ಲಿ ಹಾಲಿನ ತಂಬಿಗೆಯಿತ್ತು. ಅದರ ಬಾಯಿಗೆ ಒದ್ದೆ ಅರಿವೆ ಬಿಗಿದಿದ್ದಳು. ಹಸಿ ಹಾಲು, ಒದ್ದೆ ಅರಿವೆ, ಎರಡೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ತುಂಬಿದ ಹೊಳೆ ಕಂಡಿತು. ಹೊಳೆಯ ನಡುವೆ ಒಂದು ತಲೆ ಕಂಡಿತು...

ನನ್ನ ತವರು ಕಕ್ಕೇರಾ. ಕೊಟ್ಟದ್ದು ಕೃಷ್ಣೆಯ ನಡುಗಡ್ಡೆಗೆ. ನಾವು ಅದನ್ನು ಗಡ್ಡಿ ಅನ್ನುತ್ತಿದ್ದೆವು. ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳು ಅವು. ಬೇಸಿಗೆಯಲ್ಲಿ ನಡೆದೇ ದಾಟಬಹುದಾಗಿದ್ದ ಹೊಳೆ ಶ್ರಾವಣಕ್ಕೆ ಸುತ್ತ ಕಟ್ಟಿಹಾಕುತ್ತಿತ್ತು. ಇದ್ದೊಂದು ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿದರೆ ಮುಗಿಯಿತು. ಆಮೇಲೆ ಉಪ್ಪು ಬೇಕೆಂದರೂ ಒಣಗಿದ ಸೋರೆಬುರುಡೆ ನಡುವಿಗೆ ಕಟ್ಟಿಕೊಂಡು ಈಜಿಯೇ ಹೋಗಬೇಕು.

ನಮ್ಮ ಪಕ್ಕದ ಮನೆಯ ಮಾವ ಗಡ್ಡಿಯ ಅರ್ಧ ಜನಕ್ಕೆ ಈಜು ಕಲಿಸಿದವರು. ನನ್ನ ಮುಂದೆ ಮಾತ್ರ ಸೋತರು. "ಎಮ್ಮಿ ಈಜತೈತಿ, ನಾಯಿ ಈಜತೈತಿ. ಕಕ್ಕೇರಾದವ್ರು ನಮಗ ಕಲ್ಲು ಕೊಟ್ಟು ಕಳಿಸ್ಯಾರ" ಎಂದು ನನ್ನ ಅತ್ತೆಯ ಮುಂದೆಯೇ ನಗುತ್ತಿದ್ದರು.

ಆ ವರ್ಷ ಅವರ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಸೂಲಗಿತ್ತಿ ಇದ್ದದ್ದು ಆಚೆ ದಂಡೆಯಲ್ಲಿ. ಮಾವನಿಗೆ ಒಂದೇ ಚಿಂತೆ. ಹೆರಿಗೆಯ ಹೊತ್ತಿಗೆ ಗಡ್ಡಿಗೆ ಸರ್ಕಾರದ್ದೊಂದು ದೊಡ್ಡ ಮರದ ದೋಣಿ ಬರಬೇಕು. ಪಂಚಮಿ ಮುಗಿದ ಮೇಲೆ ತಹಸೀಲದಾರ್ ಸಾಹೇಬರು ಹೊಳೆದಂಡೆಯಲ್ಲಿ ಮೊಕ್ಕಾಂ ಮಾಡುತ್ತಾರೆಂದು ಸುದ್ದಿ ಬಂತು. ಅವರ ಮುಂದೆ ಆಟಗಳನ್ನು ಆಡಿಸುವ ಏರ್ಪಾಡೂ ಇತ್ತು. ಮಾವ ಪಟೇಲರನ್ನು ಕಾಡಿ ಬೇಡಿ ಈಜನ್ನೂ ಅದರಲ್ಲಿ ಸೇರಿಸಿದರು. ತುಂಬಿದ ಹೊಳೆಯಲ್ಲಿ ನಮ್ಮ ಪಾಡು ಸಾಹೇಬರ ಕಣ್ಣಿಗೆ ಬಿದ್ದರೆ ದೋಣಿ ಕೇಳುವುದೇ ಬೇಡ, ತಾವಾಗಿಯೇ ಕೊಡುತ್ತಾರೆ ಎಂಬುದು ಅವರ ಲೆಕ್ಕ.

ನಾನು ಪಂಚಮಿಗೆಂದು ಹೊಳೆ ತುಂಬುವ ಮುಂಚೆಯೇ ತವರಿಗೆ ಬಂದವಳು, ದಂಡೆಯ ಮೇಲೆ ಹೆಂಗಸರ ನಡುವೆ ನಿಂತಿದ್ದೆ. ಮೊದಲು ಜೋಳದ ಚೀಲ ಹೊತ್ತು ಕಕ್ಕೇರಾದಿಂದ ಓಡಿಬರುವ ಪಂದ್ಯ. ಒಬ್ಬ ಹುಡುಗ ಮುಂದೆ ಬಂದ. ಬಾಯಲ್ಲಿ ನೊರೆ, ಮೊಳಕಾಲಲ್ಲಿ ರಕ್ತ. ಜನ ಅವನ ಜೊತೆಗೇ ಓಡಿದರು, ತಲೆಗೆ ನೀರು ಸುರಿದರು. ಸಾಹೇಬರ ಮುಂದೆ ಅವನು ಬಿದ್ದಾಗ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನ ತಲೆಗೆ ರುಮಾಲು ಸುತ್ತಿದರು, ಕಚೇರಿಯಲ್ಲಿ ಚಪರಾಸಿ ಕೆಲಸವನ್ನೂ ಕೊಟ್ಟರು.

ಆಮೇಲೆ ಮಾವ ಆಚೆ ಗಡ್ಡಿಯಿಂದ ಹೊಳೆಗಿಳಿದರು. ಏನಿದೆ ಅದರಲ್ಲಿ ನೋಡಲಿಕ್ಕೆ? ಕೆಂಪು ನೀರಲ್ಲಿ ಬೋರಲು ಹಾಕಿದ ಗಡಿಗೆಯಂಥ ಒಂದು ತಲೆ. ಅದೂ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ನನ್ನ ಪಕ್ಕದವಳು ಚುರುಮುರಿ ತಿನ್ನುತ್ತ, "ಮುಳುಗ್ಯಾನೇನ?" ಅಂದಳು. "ಇಲ್ಲ, ಬರಾಕತ್ತಾನ" ಅಂದರು ಯಾರೋ. "ಹಂಗಾರ ನಡಿ, ಕುಸ್ತಿ ಶುರು ಆಕ್ಕೈತಿ." ಅರ್ಧ ದಂಡೆ ಖಾಲಿಯಾಯಿತು.

ಮಾವ ಬುರುಡೆ ಕಟ್ಟಿಕೊಂಡಿರಲಿಲ್ಲ. ಸಾಹೇಬರ ಮುಂದೆ ಬುರುಡೆ ಕಟ್ಟುವುದು ಗಡ್ಡಿಗೆ ಅವಮಾನವಂತೆ. ದೊಡ್ಡವರ ಬಳಿ ಬರಿಗೈಲಿ ಹೋಗಬಾರದೆಂದು ತಲೆಯ ಮೇಲೆ ಹಾಲಿನ ತಂಬಿಗೆ ಬೇರೆ ಕಟ್ಟಿಕೊಂಡಿದ್ದರು. ದಂಡೆಗೆ ಹತ್ತಿ ಅರಿವೆ ಬಿಚ್ಚಿದರೆ ಒಂದು ಹನಿಯೂ ಚೆಲ್ಲಿರಲಿಲ್ಲ. ಉಸಿರೂ ಏರಿರಲಿಲ್ಲ. ಮೈಯ ಬೆವರನ್ನೆಲ್ಲ ಹೊಳೆಯೇ ತೊಳೆದುಬಿಟ್ಟಿತ್ತು.

ಆ ಹಾಲಿನಲ್ಲೇ ಸಾಹೇಬರಿಗೆ ಚಹಾ ಆಯಿತು. ಮಾವ ಕೈಜೋಡಿಸಿ ದೋಣಿಯ ಮಾತೆತ್ತಿದಾಗ ಸಾಹೇಬರು ನಕ್ಕು ಉರ್ದುವಿನಲ್ಲಿ ಏನೋ ಅಂದರು. ಗುಮಾಸ್ತ ಅದನ್ನು ನಮ್ಮ ಮಾತಿನಲ್ಲಿ ಹೇಳಿದ: "ಹಾಲು ಸೈತ ಚೆಲ್ಲದಂಗ ಬಂದೀದಿ. ಮೀನಿಗಿ ಯಾರರ ದೋಣಿ ಕೊಡ್ತಾರೇನೋ?"

ಜನ ಹೊಟ್ಟೆ ಹಿಡಿದು ನಕ್ಕರು. ಮಾವನೂ ನಕ್ಕರು ಪಾಪ, ಹೊಗಳಿದರೆಂದುಕೊಂಡು...

ಕೆಲವು ದಿನ ಕಳೆದ ಮೇಲೆ, ಹೊಳೆ ಇನ್ನೂ ಏರಿದ್ದಾಗ, ಮಾವ ಮತ್ತೆ ಈಜಿ ಬಂದರು. ಮಗಳಿಗೆ ನೋವು ಶುರುವಾಗಿ ಒಂದು ಹಗಲು ಕಳೆದಿತ್ತು. ಸೂಲಗಿತ್ತಿಯ ನಡುವಿಗೆ ತಾವೇ ಬುರುಡೆ ಬಿಗಿದು, "ನನ್ನ ಹೆಗಲು ಹಿಡಿ, ಕಣ್ಣು ಮುಚ್ಚು, ಸಾಕು" ಅಂದರು. ಅವಳು ಸೊಂಟದ ನೀರಿನವರೆಗೆ ಹೋದಳು. ಸೆಳವಿಗೆ ಕಾಲು ಕಿತ್ತಿತು. ಕಿರುಚಿಕೊಂಡು ತಿರುಗಿ ಬಂದಳು.

"ನಾ ಸತ್ರ ಅಕಿಗಿ ಹೆರಿಗಿ ಯಾರು ಮಾಡಿಸ್ತಾರೋ ಯಪ್ಪಾ?" ಎಂದು ಅಳುತ್ತ ಕೂತಳು.

ಮಾವ ಅವಳಿಗೆ ಬೈಯಲಿಲ್ಲ. ಎಣ್ಣೆ ಹೇಗೆ ಸವರಬೇಕು, ಹೊಟ್ಟೆ ಎಲ್ಲಿ ಹಿಡಿಯಬೇಕು ಎಂದು ಕೇಳಿಕೊಂಡು ಒಬ್ಬರೇ ಹೊಳೆಗಿಳಿದರು. ನಾವು ದಂಡೆಯಲ್ಲೇ ನಿಂತಿದ್ದೆವು. ಆವತ್ತು ಯಾರೂ ಬಿಟ್ಟು ಹೋಗಲಿಲ್ಲ. ಹೊತ್ತು ಮುಳುಗುವ ಮುಂಚೆ ಗಡ್ಡಿಯಿಂದ ಹೆಂಗಸರ ಅಳು ನೀರಿನ ಮೇಲೆ ತೇಲಿ ಬಂತು. ತಾಯಿ, ಕೂಸು ಇಬ್ಬರೂ ಉಳಿಯಲಿಲ್ಲ.

ಹೊಳೆ ಇಳಿದ ಮೇಲೆ ನಾನು ಗಡ್ಡಿಗೆ ಮರಳಿದೆ. ಮಾವ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಅವರೇ ಅಂದರು: "ಚೀಲ ಹೊತ್ತ ಹುಡುಗ ಶಾಣ್ಯಾ, ಯವ್ವಾ. ಬಿದ್ದು ತೋರಿಸಿದ. ನಾನೂ ಅವತ್ತು ನಾಕು ಗುಟುಕು ನೀರು ಕುಡದು, ಕೈ ಬಡದು, ಉಳಸ್ರೋ ಅಂತ ಒದರಬೇಕಿತ್ತು. ಈಜು ಬರದವನಂಗ ಈಜಬೇಕಿತ್ತು. ಅದೊಂದು ನನಗ ಯಾರೂ ಕಲಿಸಿರಲಿಲ್ಲ ನೋಡು."

ಆಮೇಲೆ ಅವರು ಯಾರಿಗೂ ಈಜು ಕಲಿಸಲಿಲ್ಲ. ನಿಜಾಮರು ಹೋದರು, ಸಾಹೇಬರು ಬದಲಾದರು. ದೋಣಿ ಬರುವ ಮುಂಚೆ ಮಾವನೇ ಹೋದರು...

ಹೋದ ಮಳೆಗಾಲದಲ್ಲಿ ಮೊಮ್ಮಗ ಟೀವಿ ಹಚ್ಚಿ ನನ್ನನ್ನು ಕೂಗಿದ. ಎಲ್ಲಿಯದೋ ತುಂಬಿದ ಹೊಳೆ. ಒಬ್ಬ ಸೆಳವನ್ನು ಸೀಳಿಕೊಂಡು ಈಚೆ ದಂಡೆಗೆ ಬರುತ್ತಿದ್ದ.

"ಎಷ್ಟು ಚಂದ ಈಜಾಕತ್ತಾನ ನೋಡಬೇ ಆಯಿ."

"ಯಾಕ ಬರಾಕತ್ತಾನಂತ?" ಎಂದು ಕೇಳಿದೆ.

"ಅದೇನೂ ಹೇಳ್ಲಿಲ್ಲ" ಅಂದ. ಅಷ್ಟರಲ್ಲಿ ಬೇರೆ ಸುದ್ದಿ ಶುರುವಾಗಿತ್ತು.