ಸವಣೂರಿನಲ್ಲಿ ಹುತಾತ್ಮನಾದ ನನ್ನ ಕೊರಿಯಾದ ಗಾಯಕ

ಗೆಳತಿಯರೇ, ನನ್ನ ಪ್ರೀತಿಯ ಕೊರಿಯನ್ ಗಾಯಕ ಇವತ್ತು ಸವಣೂರಿನಲ್ಲಿ ಹುತಾತ್ಮನಾದ.

ಮೊನ್ನೆ ಅವನ ಫೋಟೊಗೆ ಕಟ್ಟು ಹಾಕಿಸಲು ಕೊಟ್ಟಿದ್ದೆ. ಅಂಗಡಿಯ ಚಾಚಾ ಕಟ್ಟು ಹಾಕುವುದು ದೇವರಿಗೆ, ಇಲ್ಲವೇ ತೀರಿಕೊಂಡವರಿಗೆ. "ಯಾರಿವರು ಬೇಟಿ?" ಎಂದು ಕೇಳಿದರು. ಹಾಡುಗಾರ ಎಂದರೆ ಸಂಜೆಯೊಳಗೆ ಅವ್ವನ ಕಿವಿಗೆ ಬೀಳುತ್ತದೆ. "ಭಾಳ ಬೇಕಾದವ್ರು ಚಾಚಾ, ಮಿಲಿಟರಿಗೆ ಹೋಗ್ಯಾರ" ಎಂದೆ. ಸುಳ್ಳೇನಲ್ಲ. ಕೊರಿಯಾದಲ್ಲಿ ಗಾಯಕರೂ ಒಮ್ಮೆ ಸೈನ್ಯಕ್ಕೆ ಹೋಗಿ ಬರಲೇಬೇಕು.

ಇವತ್ತು ತರಲು ಹೋದರೆ ಫೋಟೊಗೆ ಗಂಧದ ಹಾರ, ಮೂಲೆಯಲ್ಲಿ ತ್ರಿವರ್ಣ ಧ್ವಜ! ಅವನ ಗುಲಾಬಿ ಕೂದಲು ಕಪ್ಪಾಗಿತ್ತು.

"ನಾನ ಕಂಪ್ಯೂಟರದಾಗ ಕರ್ರಗ ಮಾಡೇನಿ. ದೇಶಕ್ಕ ಜೀವಾ ಕೊಟ್ಟವ್ರಿಗೆ ಆ ಬಣ್ಣ ಒಪ್ಪಂಗಿಲ್ಲ ಬೇಟಿ."

"ಅಯ್ಯ ಚಾಚಾ, ಅವ್ರು ಜೀವಂತ ಅದಾರ್ರಿ!"

ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ಇಬ್ಬರು ಎದ್ದು ನಿಂತರು. ಚಾಚಾ ಕಣ್ಣೊರೆಸಿಕೊಂಡು, "ಹೌದವಾ, ಅಂಥವ್ರು ಯಾವತ್ತೂ ಸಾಯಂಗಿಲ್ಲ" ಎಂದರು.

ನಾನೂ ತಲೆ ತಗ್ಗಿಸಿ ನಿಂತೆ. ಮತ್ತೇನು ಮಾಡಲಿ?

ಮುಂದಿನ ತಿಂಗಳು ಅವನು ಸೈನ್ಯದಿಂದ ಮರಳಿ ಹೊಸ ಹಾಡು ಬಿಡುತ್ತಾನಂತೆ. ಇಡೀ ಜಗತ್ತಿಗೆ ಬರಲಿ, ಸವಣೂರಿಗೆ ಮಾತ್ರ ಇನ್ನು ಬರುವಂತಿಲ್ಲ.